ಬಿ.ಪಿ. ಇಲ್ಲದ ಹೃದ್ರೋಗಿಗಳಿಗೂ ಬಿ.ಪಿ. ಮಾತ್ರೆ ಏಕೆ?

ಹೃದಯಾಘಾತವಾಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಚೀಟಿಯಲ್ಲಿ ರಾಮಿಪ್ರಿಲ್, ಮೆಟೊಪ್ರೊಲಾಲ್‌ನಂತಹ ಹೆಸರುಗಳಿರುತ್ತವೆ. ಔಷಧಿ ಅಂಗಡಿಯಲ್ಲಿ ಕೇಳಿದರೆ ‘ಬಿ.ಪಿ. ಮಾತ್ರೆ’ ಎನ್ನುತ್ತಾರೆ. ‘ನನಗೆ ಬಿ.ಪಿ.ಯೇ ಇಲ್ಲವಲ್ಲ’ ಎಂದು ಕೆಲವರು ಅವನ್ನು ಬಿಟ್ಟುಬಿಡುತ್ತಾರೆ. ಇದು ಅಪಾಯಕರ.

ಈ ಮಾತ್ರೆಗಳ ಕೆಲಸ ಬಿ.ಪಿ. ಇಳಿಸುವುದಷ್ಟೇ ಅಲ್ಲ. ಆಘಾತದಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಹಾಳಾಗಿರುತ್ತದೆ. ಉಳಿದ ಭಾಗವೇ ಪೂರ್ತಿ ಕೆಲಸ ಮಾಡಬೇಕು. ಪೆಟ್ಟಾದ ಹಮಾಲನಿಗೆ ಹಗುರ ಮೂಟೆ ಹೊರಿಸುವಂತೆ, ಇವು ಹೃದಯದ ಭಾರ ಇಳಿಸುತ್ತವೆ.

ರಾಮಿಪ್ರಿಲ್, ಎನಲಾಪ್ರಿಲ್: ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ. ದುರ್ಬಲಗೊಂಡ ಹೃದಯ ಹಿಗ್ಗುತ್ತಾ ಹೋಗದಂತೆ ತಡೆಯುತ್ತವೆ. ಕೆಲವರಿಗೆ ಒಣಕೆಮ್ಮು ಬರುತ್ತದೆ. ತಿಳಿಸಿದರೆ ವೈದ್ಯರು ಟೆಲ್ಮಿಸಾರ್ಟನ್‌ನಂತಹ ಬೇರೆ ಮಾತ್ರೆ ಕೊಡಬಹುದು.

ಮೆಟೊಪ್ರೊಲಾಲ್, ಕಾರ್ವೆಡಿಲಾಲ್: ಹೃದಯ ಬಡಿತವನ್ನು ನಿಧಾನಗೊಳಿಸುತ್ತವೆ. ಆಗ ಹೃದಯಕ್ಕೆ ಕಡಿಮೆ ಆಮ್ಲಜನಕ ಸಾಕಾಗುತ್ತದೆ. ಇದೇ ಗುಂಪಿನ ಪ್ರೊಪ್ರನೊಲಾಲ್ ಮಾತ್ರೆಯನ್ನು 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ರೂಪಿಸಿದ್ದೇ ಹೃದ್ರೋಗದ ಎದೆನೋವಿಗಾಗಿ; ಬಿ.ಪಿ.ಗೆ ಅದರ ಬಳಕೆ ಆಮೇಲೆ ಬಂತು. ಈ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು, ಮತ್ತೊಂದು ಆಘಾತವೂ ಆಗಬಹುದು.

ಎದ್ದು ನಿಂತಾಗ ತಲೆಸುತ್ತು ಬಂದರೆ ವೈದ್ಯರಿಗೆ ಹೇಳಿ. ಅವರು ಪ್ರಮಾಣ ಸರಿಪಡಿಸುತ್ತಾರೆ.

ಉಪವಾಸ ಮಾಡುವವರ ಗಮನಕ್ಕೆ: ನೀರನ್ನೂ ಬಿಟ್ಟಾಗ ಈ ಮಾತ್ರೆಗಳಿಂದ ಬಿ.ಪಿ. ತೀರಾ ಇಳಿಯಬಹುದು, ಮೂತ್ರಪಿಂಡಕ್ಕೂ ತೊಂದರೆಯಾಗಬಹುದು. ಉಪವಾಸ ಮಾಡಬಹುದೇ, ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂಬುದನ್ನು ಸಂಕಲ್ಪಕ್ಕೆ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.