ಗುಡ್ಡಪ್ಪನನ್ನು ಕೇಳುವುದು: ಮಂಡ್ಯ ಸೀಮೆಯ ದೈವಚಿಕಿತ್ಸೆಯ ಬಗ್ಗೆ ಒಂದು ಟಿಪ್ಪಣಿ

ಸೈಬೀರಿಯದ ಎವೆಂಕಿ ಜನರ ಷಾಮನ್‌ನನ್ನು ಮಾದರಿಯಾಗಿಟ್ಟುಕೊಂಡು, ಮೈದುಂಬಿ ರೋಗ ಕಳೆಯುವ ಎಲ್ಲ ಆಚರಣೆಗಳನ್ನೂ ‘ಷಾಮನಿಸಂ’ ಎನ್ನುವ ರೂಢಿ ನಮ್ಮ ಜಾನಪದ ಅಧ್ಯಯನಕ್ಕೂ ಬಂದಿದೆ. ಈ ಮಾದರಿಯನ್ನು ನೆಲೆಗೊಳಿಸಿದ್ದು 1951ರಲ್ಲಿ ಬಂದ ಮಿರ್ಚಾ ಎಲಿಯಾಡೆಯ ಗ್ರಂಥ. ಅವನ ಪ್ರಕಾರ ಷಾಮನ್‌ನ ಮುಖ್ಯ ಲಕ್ಷಣ ಆತ್ಮದ ಪಯಣ. ಮೈಮರೆತವನ ಜೀವ ಮೇಲಣ ಲೋಕಕ್ಕೋ ಪಾತಾಳಕ್ಕೋ ಹೋಗಿ ರೋಗಿಯ ಕಳೆದುಹೋದ ಪ್ರಾಣವನ್ನು ಮರಳಿ ತರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಇಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ, ದೇವರೇ ಗುಡ್ಡಪ್ಪನ (ದೇವರು ಮೈದುಂಬುವ ಪಾತ್ರಿಯ) ಮೈಮೇಲೆ ಬರುತ್ತದೆ. ಬಂದ ದೇವರು ಮಲೆ ಏರಿದ ಮೇಲೆ ಅವನು ಮತ್ತೆ ಗದ್ದೆಗೆ ನೀರು ಕಟ್ಟುವ ಒಕ್ಕಲು. ಶಕ್ತಿ ಅವನ ಸ್ವಂತದ್ದಲ್ಲ, ಅದು ಊರಿನ ದೇವತೆಯದು. ಈ ವ್ಯತ್ಯಾಸವನ್ನು ಮರೆತರೆ ಮುಂದಿನ ಎಲ್ಲ ವಿವರಣೆಯೂ ದಾರಿ ತಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ನಡೆಯುವ ಕ್ರಮ ಸಾಮಾನ್ಯವಾಗಿ ಹೀಗೆ. ಮಂಗಳವಾರವೋ ಶುಕ್ರವಾರವೋ ಗುಡಿಯ ಮುಂದೆ ಜನ ಸೇರುತ್ತಾರೆ. ಮಿಂದು ಮಡಿಯುಟ್ಟ ಗುಡ್ಡಪ್ಪ ಬೇವಿನ ಸೊಪ್ಪು ಹಿಡಿದು ನಿಲ್ಲುತ್ತಾನೆ. ತಮಟೆಯ ಗತ್ತು ಬಿರುಸಾದಂತೆ ಮೊದಲು ಮೊಣಕಾಲು, ಆಮೇಲೆ ಭುಜ ನಡುಗುತ್ತದೆ, ಕರ್ಪೂರ ಬೆಳಗುತ್ತಾರೆ. ಆ ಗಳಿಗೆಯಿಂದ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ತಾಯಿ, ಮಗ ಸರಿಯಾಗಿ ಉಣ್ತಿಲ್ಲ, ರಾತ್ರಿಯೆಲ್ಲ ಬೆಚ್ಚಿ ಬೀಳ್ತಾನೆ, ನಮ್ಮಿಂದೇನು ತಪ್ಪಾಗಿದೆ?’ ಎಂದು ಮನೆಯ ಹಿರಿಯರು ಕೇಳುತ್ತಾರೆ. ಉತ್ತರ ತುಂಡುತುಂಡಾಗಿ ಬರುತ್ತದೆ: ಕಟ್ಟಿಕೊಂಡ ಹರಕೆ ಮರೆತದ್ದು, ಅಣ್ಣತಮ್ಮಂದಿರು ಪಾಲಾದಾಗ ಮನೆದೇವರ ಪೂಜೆ ಯಾರ ಹೊಣೆಗೂ ಸೇರದೆ ಉಳಿದದ್ದು, ಹೊತ್ತಲ್ಲದ ಹೊತ್ತಲ್ಲಿ ಹಳ್ಳ ದಾಟಿ ಗಾಳಿ ಸೋಕಿದ್ದು. ಕೇಳುವವರು ಸುಮ್ಮನೆ ತಲೆಯಾಡಿಸುವುದಿಲ್ಲ. ‘ಅದಲ್ಲ ತಾಯಿ, ಬಿಡಿಸಿ ಹೇಳು’ ಎಂದು ಒತ್ತಾಯಿಸುತ್ತಾರೆ. ಆದರೂ ಸಂಶಯ ಉಳಿದರೆ ಹೂ ಕೇಳುತ್ತಾರೆ. ಅಂಟಿಸಿದ ಒದ್ದೆ ಹೂ ದೇವರ ಬಲಗಡೆಯಿಂದ ಬಿದ್ದರೆ ಒಪ್ಪಿಗೆ.

ನಡುಕ ಕೆಲವು ನಿಮಿಷದ್ದು, ಕೇಳುವಿಕೆ ದೀರ್ಘವಾದದ್ದು. ಕ್ಯಾಮೆರಾ ಹಿಡಿದು ಹೋದವರು ನಡುಕವನ್ನು ಚಿತ್ರಿಸಿಕೊಂಡು ಬರುತ್ತಾರೆ, ಪ್ರಶ್ನೆಗಳನ್ನು ಬರೆದುಕೊಳ್ಳುವವರು ಕಡಿಮೆ. ಮೈದುಂಬುವುದು ಈ ಚಿಕಿತ್ಸೆಯ ತಿರುಳಲ್ಲ ಎನ್ನುವುದಕ್ಕೆ ಜಿಲ್ಲೆಯೊಳಗೇ ಬಲವಾದ ಸಾಕ್ಷಿಯಿದೆ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ಕಾಲಭೈರವೇಶ್ವರನ ಬಸವಪ್ಪನ ಮುಂದೆ ಜನ ಇದೇ ಬಗೆಯ ಕಷ್ಟಗಳನ್ನು ತೋಡಿಕೊಳ್ಳುತ್ತಾರೆ. ಅಲ್ಲಿ ಉತ್ತರ ಕೊಡುವುದು ಒಂದು ಹೋರಿ. ಅದು ಮೈಮರೆಯುವುದಿಲ್ಲ, ಮಾತಾಡುವುದಿಲ್ಲ, ಪಾದ ಕೊಟ್ಟರೆ ಒಪ್ಪಿಗೆ ಎಂದು ಜನ ತಿಳಿಯುತ್ತಾರೆ. ಮಾಧ್ಯಮ ಬದಲಾದರೂ ಕೇಳುವ ಕ್ರಮ ಹಾಗೆಯೇ ಉಳಿದಿದೆ. ಮನೆಯೊಳಗೆ ಕುದಿಯುತ್ತಿದ್ದ ಸಂಗತಿ ಹತ್ತು ಜನರ ಎದುರು ಮಾತಾಗುತ್ತದೆ, ಅದಕ್ಕೊಂದು ಪರಿಹಾರವೂ ವಾಯಿದೆಯೂ ಗೊತ್ತಾಗುತ್ತವೆ.

ಶ್ರೀರಂಗಪಟ್ಟಣದ ಹತ್ತಿರದ ಆರತಿ ಉಕ್ಕಡ ಬೇರೆ ಬಗೆಯದು. ಇಲ್ಲಿನ ಅಹಲ್ಯಾದೇವಿ ಮಾರಮ್ಮನ ಗುಡಿಗೆ ‘ತಡೆ ಒಡೆಸಲು’ ದೂರದೂರದಿಂದ ಬರುತ್ತಾರೆ, ಅಮಾವಾಸ್ಯೆಯಂದು ಜನ ಕಿಕ್ಕಿರಿಯುತ್ತಾರೆ. ಮದುವೆ ಕೂಡಿಬಾರದ್ದು, ವ್ಯಾಪಾರ ಮುಗ್ಗರಿಸಿದ್ದು, ವಾಸಿಯಾಗದ ಕಾಯಿಲೆ ಎಲ್ಲವೂ ತಡೆಯೇ. ನಿಂಬೆಹಣ್ಣು, ಬೂದುಗುಂಬಳ, ತೆಂಗಿನಕಾಯಿಗಳನ್ನು ನಿವಾಳಿಸಿ ಒಡೆಯುವುದು ಈ ಭಾಗದ ತಡೆಯ ಸಾಮಾನ್ಯ ವಿಧಿ. ಇಲ್ಲಿ ಪ್ರಶ್ನೆಯಿಲ್ಲ, ನಂಟರಿಷ್ಟರ ವಾದವಿಲ್ಲ, ಬೇಗ ಮುಗಿಯುತ್ತದೆ. ಊರು ಬಿಟ್ಟು ಮೈಸೂರು, ಬೆಂಗಳೂರು ಸೇರಿದವರಿಗೆ ಈ ವಿಧಿ ಒಗ್ಗುವುದಕ್ಕೆ ಇದೂ ಕಾರಣವಿರಬಹುದು.

ಮಾರಮ್ಮ ಮತ್ತು ವೈದ್ಯದ ಸಂಬಂಧಕ್ಕೆ ಶ್ರೀರಂಗಪಟ್ಟಣದಲ್ಲೇ ಒಂದು ಹಳೆಯ ದಾಖಲೆಯಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮೈಸೂರು ಸಂಸ್ಥಾನದಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದವನು. 1803–04ರಲ್ಲಿ 25,432 ಜನಕ್ಕೆ ಲಸಿಕೆ ಹಾಕಿಸಿದ ಲೆಕ್ಕ ಅವನದು. ಸಿಡುಬು ಆಗ ‘ಅಮ್ಮ’ನೇ ಮನೆಗೆ ಬಂದದ್ದು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಹೊರಗಿನವರು ಒಳಗೆ ಬರುವಂತಿಲ್ಲ, ಒಲೆಯ ಮೇಲೆ ಒಗ್ಗರಣೆ ಸಿಡಿಯುವಂತಿಲ್ಲ. ಮಗು ಗುಣವಾದ ಮೇಲೆ ಬೇವು, ಅರಿಶಿನದ ನೀರು ಹುಯ್ದು ಗುಡಿಗೆ ತಂಬಿಟ್ಟಿನ ಆರತಿ ಒಯ್ಯುತ್ತಾರೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. ಸಿಡುಬು ಹೋಯಿತು, ಸೀತಾಳೆ ಸಿಡುಬು ಬಂದಾಗ ಈ ಕ್ರಮ ಈಗಲೂ ನಡೆಯುತ್ತದೆ. ಅಂಟುರೋಗಿಯನ್ನು ಬೇರೆಯಿಟ್ಟು ತಂಪಾಗಿ, ಅಕ್ಕರೆಯಿಂದ ನೋಡಿಕೊಳ್ಳುವ ಈ ವಿಧಿಯನ್ನು ಬರೀ ಮೂಢನಂಬಿಕೆ ಎಂದು ತಳ್ಳುವುದು ಅನ್ಯಾಯ. ಆದರೆ ಸಿಡುಬನ್ನು ನಿರ್ಮೂಲ ಮಾಡಿದ್ದು ಲಸಿಕೆ ಎಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬೇಕು.

ಇನ್ನೂ ಹಿಂದಕ್ಕೆ ಹೋದರೆ ಪಾಂಡವಪುರ ತಾಲ್ಲೂಕಿನ ಕೆರೆ ತೊಣ್ಣೂರು. ಹೊಯ್ಸಳ ರಾಜ ಬಿಟ್ಟಿದೇವನ ಮಗಳಿಗೆ ಹಿಡಿದಿದ್ದ ಬ್ರಹ್ಮರಾಕ್ಷಸವನ್ನು ರಾಮಾನುಜರು ಇಲ್ಲಿ ಬಿಡಿಸಿದರು, ರಾಜ ವೈಷ್ಣವನಾಗಿ ವಿಷ್ಣುವರ್ಧನನಾದ ಎಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಇದನ್ನು ಇತಿಹಾಸವೆಂದು ಒಪ್ಪುವುದು ಕಷ್ಟ. ಪಟ್ಟದ ರಾಣಿ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಇದ್ದಳು. ನನಗೆ ಮುಖ್ಯವಾಗಿ ಕಾಣುವುದು ಕಥೆಯ ಹಂದರ: ಬೇರೆಯವರು ಬಿಡಿಸಲಾಗದ ಗ್ರಹವನ್ನು ಬಿಡಿಸಿದವನ ಮತವೇ ಮೇಲು. ರೋಗಿಯಾದ ಹುಡುಗಿಗೆ ಅಲ್ಲಿ ಮಾತೇ ಇಲ್ಲ. ಗುಡ್ಡಪ್ಪನ ಎದುರು ಸೊಸೆಯೊಬ್ಬಳು ಅತ್ತು ಹೇಳಿಕೊಳ್ಳುವಷ್ಟನ್ನೂ ಆ ಕಥೆ ರಾಜಕುಮಾರಿಗೆ ಬಿಟ್ಟುಕೊಡುವುದಿಲ್ಲ.

ಕೇಳುವಿಕೆ ಬಯಲಿನಲ್ಲಿ ನಡೆಯುವುದಕ್ಕೂ ಮುಚ್ಚಿದ ಕೋಣೆಯಲ್ಲಿ ನಡೆಯುವುದಕ್ಕೂ ಬಹಳ ಅಂತರವಿದೆ. ಮಂತ್ರವಾದಿ ಗುಡ್ಡಪ್ಪನಲ್ಲ. ಅವನ ಶಕ್ತಿ ಅವನ ಸ್ವಂತ ಆಸ್ತಿ, ಅದಕ್ಕೆ ಬೆಲೆಯುಂಟು, ಅವನನ್ನು ತಿದ್ದುವ ಊರು ಅಲ್ಲಿಲ್ಲ. 1950ರ ದಶಕದಲ್ಲಿ ಮಂಡ್ಯದ ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್, ಮಾಟಗಾತಿಯೆಂಬ ಆರೋಪ ಹೆಂಗಸರ ನಡುವಿನ ಸಾಲ–ಬಡ್ಡಿಯ ಬಿಗುವಿನೊಂದಿಗೆ ಹೆಣೆದುಕೊಂಡಿರುವುದನ್ನು 1959ರ ಲೇಖನದಲ್ಲಿ ತೋರಿಸಿದರು. ‘ಯಾರೋ ಮಾಡಿಸಿದ್ದಾರೆ’ ಎಂಬ ಉತ್ತರ ಗುಟ್ಟಾಗಿ ಸಿಕ್ಕಾಗ ಅದು ಗುಣಪಡಿಸುವುದಿಲ್ಲ, ನೆರೆಮನೆಯ ಹೆಂಗಸಿನ ತಲೆಗೆ ತಪ್ಪನ್ನು ಕಟ್ಟುತ್ತದೆ.

ತಮಿಳುನಾಡಿನ ಎರಡು ಪ್ರಕರಣಗಳು ಈ ಅಂತರವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತವೆ. 2001ರ ಆಗಸ್ಟ್‌ನಲ್ಲಿ ಏರ್ವಾಡಿಯ ದರ್ಗಾದ ಬಳಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಬಿಗಿದಿದ್ದ 28 ಮಾನಸಿಕ ರೋಗಿಗಳು ಸತ್ತರು. ಮರುವರ್ಷ ಆರ್. ರಘುರಾಮ್ ಮತ್ತು ಸಂಗಡಿಗರು, ಅದೇ ರಾಜ್ಯದ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ರೋಗಿಗಳ ಅಧ್ಯಯನವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಸರಾಸರಿ ಆರು ವಾರದ ವಾಸದಲ್ಲಿ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. ಅಲ್ಲಿ ವಿಶೇಷ ವಿಧಿಯೇನೂ ಇರಲಿಲ್ಲ. ಮನೆಯವರು ಜೊತೆಗಿದ್ದರು, ಕೈಲಾದ ಕೆಲಸವಿತ್ತು, ಹೊಡೆತವಿರಲಿಲ್ಲ.

2020ರ ಜನವರಿಯಿಂದ ಜಾರಿಯಲ್ಲಿರುವ ಕರ್ನಾಟಕದ ವಾಮಾಚಾರ ತಡೆ ಕಾಯ್ದೆ ಗೆರೆ ಎಳೆದಿರುವುದೂ ಬಹುಮಟ್ಟಿಗೆ ಇದೇ ಜಾಗದಲ್ಲಿ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು, ಹಾವು–ನಾಯಿ–ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅಪರಾಧ. ಕಬ್ಬಿನ ಗದ್ದೆಗಳಿರುವ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಹಾವಿನ ವಿಷಯದ ಈ ಮಾತು ಜೀವದ ಪ್ರಶ್ನೆ.

ದೈವಚಿಕಿತ್ಸೆಯೂ ವೈದ್ಯವೂ ಜೊತೆಗೂಡುವ ದಾರಿಯೂ ಉಂಟು. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾಕ್ಕೆ ಬರುವವರಿಗೆ ಅಲ್ಲೇ ಮನೋವೈದ್ಯರನ್ನೂ ಕಾಣುವ ಅನುಕೂಲವಿದೆ. ‘ದವಾ–ದುವಾ’ ಎಂಬ ಈ ಏರ್ಪಾಟಿನಲ್ಲಿ ಮುಜಾವರರೇ ರೋಗಿಯನ್ನು ವೈದ್ಯರ ಬಳಿಗೆ ಕಳಿಸುತ್ತಾರೆ. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ಕಾಲಭೈರವನ ಸನ್ನಿಧಿಯಿದೆ, ಅಲ್ಲಿನ ಮಠ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜು ನಡೆಸುತ್ತಿದೆ. ಅಮಾವಾಸ್ಯೆಗೆ ಬೆಟ್ಟ ಹತ್ತುವವರಿಗೂ ಆರತಿ ಉಕ್ಕಡದಲ್ಲಿ ಸರದಿ ಕಾಯುವವರಿಗೂ ಇಂಥ ಏರ್ಪಾಟು ಮಾಡಲು ಬೇಕಾದದ್ದು ಒಂದು ಮೇಜು, ವಾರಕ್ಕೊಮ್ಮೆ ಒಬ್ಬ ವೈದ್ಯರು, ಮತ್ತು ಪೂಜಾರಿ, ಗುಡ್ಡಪ್ಪಂದಿರ ಒಪ್ಪಿಗೆ.