ಚಾರ್ಮಾಡಿ ಘಾಟಿ ಹತ್ತಿದರೆ ಎಲೆಕ್ಟ್ರಿಕ್ ಕಾರಿನ ಚಾರ್ಜ್ ಖಾಲಿಯಾಗುತ್ತದೆಯೇ?

"ಎಲೆಕ್ಟ್ರಿಕ್ ಕಾರು ಬೆಂಗಳೂರಿಗೆ ಸರಿ, ಮಲೆನಾಡಿಗೆ ಆಗಿಬರುವುದಿಲ್ಲ, ಘಾಟಿ ಹತ್ತುವಷ್ಟರಲ್ಲಿ ಬ್ಯಾಟರಿ ಖಾಲಿ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ.

ಹತ್ತಲು ಎಷ್ಟು ಬೇಕು?
ಮಂಗಳೂರು ಕಡಲತೀರದಲ್ಲಿದೆ, ಮೂಡಿಗೆರೆ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,700 ಕೆ.ಜಿ. ತೂಗುವ ಕಾರನ್ನು ಅಷ್ಟು ಮೇಲೆತ್ತಲು 4 ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ಮೋಟಾರಿನಲ್ಲಿ ಆಗುವ ನಷ್ಟವೂ ಸೇರಿದರೆ ಸುಮಾರು 5 ಯೂನಿಟ್. ನಿಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು.

ಸಮತಟ್ಟು ರಸ್ತೆಯಲ್ಲಿ ಇಂಥ ಕಾರು 1 ಯೂನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. ಮಂಗಳೂರಿನಿಂದ ಮೂಡಿಗೆರೆಗೆ ಸುಮಾರು 120 ಕಿ.ಮೀ. ಅಂದರೆ ಓಡಲು 17 ಯೂನಿಟ್, ಹತ್ತಲು 5, ಒಟ್ಟು 22. ಬ್ಯಾಟರಿ 40 ಯೂನಿಟ್‌ನದಾದರೆ, ಫುಲ್ ಚಾರ್ಜ್ ಮಾಡಿ ಹೊರಟವರಿಗೆ ಚಿಂತೆಯಿಲ್ಲ. ಅರ್ಧ ಚಾರ್ಜ್‌ನಲ್ಲಿ ಹೊರಟರೆ ಡ್ಯಾಶ್‌ಬೋರ್ಡ್ "140 ಕಿ.ಮೀ." ಎಂದು ತೋರಿಸಬಹುದು. ಆದರೆ ಅದನ್ನು ನಂಬಿ ಘಾಟಿ ಹತ್ತಿದರೆ ಮೂಡಿಗೆರೆ ಸೇರುವ ಮೊದಲೇ ಕಾರು ನಿಲ್ಲಬಹುದು. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಇಷ್ಟೇ.

ಇಳಿಯುವಾಗ?
ಇಳಿಜಾರಿನಲ್ಲಿ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ, ಕಾರಿನ ವೇಗವನ್ನೂ ತಗ್ಗಿಸುತ್ತದೆ. ಇದಕ್ಕೆ ರೀಜನ್ ಎನ್ನುತ್ತಾರೆ. ಹತ್ತಲು ಖರ್ಚಾದದ್ದು ಪೂರ್ತಿ ಮರಳುವುದಿಲ್ಲ, ಒಂದು ಪಾಲು ಮರಳುತ್ತದೆ.

ಇಲ್ಲೊಂದು ಎಚ್ಚರಿಕೆ. ಬ್ಯಾಟರಿ 100% ತುಂಬಿದ್ದರೆ ಹೊಸ ಕರೆಂಟಿಗೆ ಜಾಗವಿರುವುದಿಲ್ಲ, ರೀಜನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಪೂರ್ತಿ ಭಾರ ಬ್ರೇಕ್ ಮೇಲೆ. ಆದ್ದರಿಂದ ಘಾಟಿ ಇಳಿಯುವವರು 80–90%ಗೆ ನಿಲ್ಲಿಸಿ ಹೊರಡುವುದೇ ಒಳ್ಳೆಯದು.

ದಿನನಿತ್ಯದ ಓಡಾಟಕ್ಕೆ?
ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗಿ ಬರಲು ಸುಮಾರು 60 ಕಿ.ಮೀ. ಏರಿಳಿತ ಸೇರಿ 10 ಯೂನಿಟ್ ಸಾಕು. ಗೀಸರ್‌ಗೆ ಹಾಕುವಂಥ ದೊಡ್ಡ ಪ್ಲಗ್‌ನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತದೆ, ಅಂದರೆ ಮೂರೂವರೆ ಗಂಟೆಯ ಕೆಲಸ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಬೇಡಿ.

ನೆನಪಿಡಿ
• ಮಳೆಗಾಲದಲ್ಲಿ ಮರ ಬಿದ್ದು ತೋಟದ ಕಡೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಕಳಸದಂಥ ಕಡೆ ನಡುರಾತ್ರಿ ಆಸ್ಪತ್ರೆಗೆ ಹೊರಡಬೇಕಾಗಬಹುದು. ಕರೆಂಟ್ ಇದ್ದಾಗಲೇ ತುಂಬಿಸಿ, ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ.
• ದೂರ ಪ್ರಯಾಣದಲ್ಲಿ ಘಾಟಿಗೆ ಮೊದಲೇ ಚಾರ್ಜ್ ಮಾಡಿ. ಆ ಚಾರ್ಜರ್ ಕೆಲಸ ಮಾಡುತ್ತಿದೆಯೇ ಎಂದು ಆ್ಯಪ್‌ನಲ್ಲಿ ನೋಡಿಕೊಂಡೇ ಹೊರಡಿ.
• ಫಾಸ್ಟ್ ಚಾರ್ಜರ್‌ನಲ್ಲಿ 80% ದಾಟಿದ ಮೇಲೆ ವೇಗ ಇಳಿಯುತ್ತದೆ. ಮುಂದಿನ ದಾರಿಗೆ ಅಷ್ಟು ಸಾಕಾದರೆ ಕಾಯಬೇಕಿಲ್ಲ.

ಆ ಫಾರ್ವರ್ಡ್ ಮತ್ತೆ ಬಂದರೆ, ಜೊತೆಗೆ ಈ ಲೆಕ್ಕವನ್ನೂ ಕಳಿಸಿ.