ಪಂಚಸಿಲ

ಇಂಡೊನೇಷ್ಯ ಗಣರಾಜ್ಯದ ರಾಷ್ಟ್ರತತ್ತ್ವ. 1945ರ ಸಂವಿಧಾನದ ಪೀಠಿಕೆಯಲ್ಲಿರುವ ಇದರ ಐದು ಸೂತ್ರಗಳು: ಏಕದೇವನಲ್ಲಿ ನಂಬಿಕೆ, ನ್ಯಾಯವೂ ಸಂಸ್ಕಾರವೂ ಉಳ್ಳ ಮಾನವೀಯತೆ, ಇಂಡೊನೇಷ್ಯದ ಐಕ್ಯ, ಪ್ರತಿನಿಧಿಗಳ ಸಮಾಲೋಚನೆಯ ವಿವೇಕದಿಂದ ನಡೆಯುವ ಜನಾಧಿಕಾರ, ಸಮಸ್ತ ಜನತೆಗೆ ಸಾಮಾಜಿಕ ನ್ಯಾಯ. ಭಾರತ ಮತ್ತು ಚೀನ 1954ರಲ್ಲಿ ಒಪ್ಪಿದ ಪಂಚಶೀಲ ಬೇರೆ. ಅದು ದೇಶಗಳ ನಡುವಣ ನಡವಳಿಕೆಗೆ ಸಂಬಂಧಿಸಿದ್ದು; ಇದು ಒಂದು ದೇಶ ತನ್ನ ಪ್ರಜೆಗಳಿಗೆ ಕೊಟ್ಟ ಮಾತು.

ಜಪಾನೀಯರ ಆಳ್ವಿಕೆಯ ಕೊನೆಯ ತಿಂಗಳುಗಳಲ್ಲಿ ಸ್ವಾತಂತ್ರ್ಯದ ಸಿದ್ಧತೆಗಾಗಿ ಜಕಾರ್ತದಲ್ಲಿ ಸೇರಿದ್ದ ಸಮಿತಿಯ ಮುಂದೆ ಸ್ವಾತಂತ್ರ್ಯ ಹೋರಾಟದ ಮುಖಂಡ ಸುಕಾರ್ನೊ 1945ರ ಜೂನ್ 1ರಂದು ಈ ತತ್ತ್ವಗಳನ್ನು ಮಂಡಿಸಿದರು. ಅವರ ಪಟ್ಟಿಯಲ್ಲಿ ರಾಷ್ಟ್ರೀಯತೆ ಮೊದಲು, ದೈವನಂಬಿಕೆ ಕೊನೆಗೆ ಇತ್ತು. ಐದನ್ನೂ ಒಂದಕ್ಕೆ ಇಳಿಸುವುದಾದರೆ ಉಳಿಯುವುದು ‘ಗೊತೊಂಗ್ ರೊಯೊಂಗ್’ ಎಂದರು. ಮನೆ ಕಟ್ಟಲು, ಗದ್ದೆ ಕೊಯ್ಯಲು ಊರವರೆಲ್ಲ ಕೂಲಿಯಿಲ್ಲದೆ ಒದಗಿಬರುವ ಈ ಪದ್ಧತಿ ನಮ್ಮ ಮುಯ್ಯಾಳಿಗೆ ಹತ್ತಿರದ್ದು.

ಜೂನ್ 22ರಂದು ಒಂಬತ್ತು ಮಂದಿಯ ಉಪಸಮಿತಿ ಕರಡನ್ನು ತಿದ್ದಿ, ದೈವನಂಬಿಕೆಯನ್ನು ಮೊದಲಿಗೆ ತಂದು, ಮುಸ್ಲಿಮರಿಗೆ ಷರೀಯತ್ ಪಾಲನೆಯ ಹೊಣೆ ಹೊರಿಸುವ ಮಾತನ್ನು ಅದಕ್ಕೆ ಸೇರಿಸಿತು. ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಷರೀಯತ್ತಿನ ಮಾತು ಉಳಿದರೆ ಕ್ರೈಸ್ತರು ಹೆಚ್ಚಿರುವ ಪೂರ್ವದ ದ್ವೀಪಗಳು ಗಣರಾಜ್ಯದಿಂದ ದೂರ ಉಳಿಯಬಹುದೆಂಬ ಸುದ್ದಿ ಸುಕಾರ್ನೊ ಅವರ ಜೊತೆಗಾರ ಮಹಮದ್ ಹಟ್ಟಾ ಅವರಿಗೆ ಮುಟ್ಟಿತು. ಮರುದಿನವೇ ಅವರು ಮುಸ್ಲಿಂ ಮುಖಂಡರನ್ನು ಒಪ್ಪಿಸಿ ಅದನ್ನು ತೆಗೆಸಿದರು. ಪಂಚಸಿಲದ ನಿಜವಾದ ಹಿರಿಮೆ ಇರುವುದು ಈ ಒಪ್ಪಂದದಲ್ಲಿ. ಬಹುಸಂಖ್ಯಾತರು ತಮ್ಮ ಧರ್ಮಕ್ಕೆ ದೊರೆತಿದ್ದ ವಿಶೇಷ ಸ್ಥಾನವನ್ನು ದೇಶದ ಒಗ್ಗಟ್ಟಿಗಾಗಿ ಬಿಟ್ಟುಕೊಟ್ಟ ಉದಾಹರಣೆಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಅಭಿವೃದ್ಧಿಯ ದಾರಿದೀಪವಾಗಿ ಪಂಚಸಿಲವನ್ನು ಎತ್ತಿಹಿಡಿದದ್ದು ಮುಂದೆ ಅಧ್ಯಕ್ಷರಾದ ಸುಹಾರ್ತೊ ಅವರ ಆಡಳಿತ. 1978ರ ರಾಷ್ಟ್ರನೀತಿಯ ಮಾರ್ಗಸೂತ್ರಗಳು ‘ಇಂಡೊನೇಷ್ಯದ ಮನುಷ್ಯನ ಸಮಗ್ರ ವಿಕಾಸ’ವನ್ನು ಗುರಿಯಾಗಿ ಹೇಳಿದವು. ಅದಕ್ಕೆ ಮೊದಲೇ ಕೆಲಸ ಶುರುವಾಗಿತ್ತು. 1973ರಲ್ಲಿ ತೈಲದ ಬೆಲೆ ಏರಿ ಬೊಕ್ಕಸಕ್ಕೆ ಹಣ ಹರಿದುಬಂದಾಗ, ಅಧ್ಯಕ್ಷರ ಆದೇಶದ ಮೇಲೆ ಐದಾರು ವರ್ಷಗಳಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಎದ್ದವು. ಒಂದೊಂದೂ ಮೂವರು ಶಿಕ್ಷಕರು, 120 ಮಕ್ಕಳಿಗೆ ತಕ್ಕಂಥದ್ದು. ಶಾಲೆಯ ಹೊರಗುಳಿದ ಮಕ್ಕಳು ಹೆಚ್ಚಿದ್ದ ಜಿಲ್ಲೆಗೆ ಹೆಚ್ಚು ಶಾಲೆ ಎಂಬುದು ಹಂಚಿಕೆಯ ನಿಯಮ. 7ರಿಂದ 12 ವರ್ಷದ ಮಕ್ಕಳ ದಾಖಲಾತಿ 1973ರಲ್ಲಿ ಶೇ. 69ರಷ್ಟಿದ್ದದ್ದು 1978ಕ್ಕೆ ಶೇ. 83ಕ್ಕೆ ಏರಿತು. ಈ ಶಾಲೆಗಳಲ್ಲಿ ಕಲಿತವರ ಓದಿನ ವರ್ಷಗಳೂ ಮುಂದೆ ಅವರ ಸಂಬಳವೂ ಹೆಚ್ಚಿದವೆಂದು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ 2001ರ ಅಧ್ಯಯನದಲ್ಲಿ ತೋರಿಸಿದರು. ಐದನೆಯ ಸೂತ್ರ ಹಳ್ಳಿಯ ಮಗುವಿನ ಬದುಕನ್ನು ಮುಟ್ಟಿದ್ದು ಹೀಗೆ.

ಆರೋಗ್ಯದಲ್ಲಿ 1980ರ ದಶಕದಿಂದ ‘ಪೊಸ್ಯಾಂದು’ ಕೇಂದ್ರಗಳು ಹರಡಿದವು. ತಿಂಗಳಿಗೊಮ್ಮೆ ಊರಿನ ಸ್ವಯಂಸೇವಕಿಯರು ಯಾರದೋ ಜಗಲಿಯಲ್ಲಿ ತಕ್ಕಡಿ ತೂಗುಹಾಕಿ, ಮಗುವನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ ತೂಗುತ್ತಾರೆ. ತೂಕವನ್ನು ತಾಯಿಯ ಬಳಿಯ ಬೆಳವಣಿಗೆ ಕಾರ್ಡಿನಲ್ಲಿ ಚುಕ್ಕೆಯಾಗಿ ಗುರುತಿಸುತ್ತಾರೆ. ಚುಕ್ಕೆ ಕೆಳಗಿಳಿದರೆ ಆಹಾರದ ಸಲಹೆ, ಅಗತ್ಯವಿದ್ದರೆ ಆರೋಗ್ಯ ಕೇಂದ್ರಕ್ಕೆ ಚೀಟಿ. ಸುಕಾರ್ನೊ ಹೇಳಿದ ಗೊತೊಂಗ್ ರೊಯೊಂಗ್‌ಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಅದೇ ಸುಹಾರ್ತೊ ಆಡಳಿತ ಪಂಚಸಿಲವನ್ನು ಬಾಯಿ ಮುಚ್ಚಿಸುವ ಅಸ್ತ್ರವನ್ನಾಗಿಯೂ ಬಳಸಿತು. 1965–66ರಲ್ಲಿ ಕಮ್ಯುನಿಸ್ಟರೆಂಬ ಹಣೆಪಟ್ಟಿಯ ಲಕ್ಷಾಂತರ ಜನರ ಕಗ್ಗೊಲೆಯ ಮೇಲೆ ಈ ಆಡಳಿತ ನಿಂತಿತ್ತು. ಕಾದಂಬರಿಕಾರ ಪ್ರಾಮೂದ್ಯ ಅನಂತ ತೂರ್ ಸೇರಿ ಸಾವಿರಾರು ಮಂದಿ ವಿಚಾರಣೆಯೇ ಇಲ್ಲದೆ ಬುರು ದ್ವೀಪದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದರು. 1978ರಿಂದ ವಿದ್ಯಾರ್ಥಿಗಳಿಗೂ ಸರ್ಕಾರಿ ನೌಕರರಿಗೂ ಪಂಚಸಿಲದ ಕಡ್ಡಾಯ ತರಬೇತಿ ಬಂತು; ಸೂತ್ರಗಳನ್ನು 36 ಅಂಶಗಳಾಗಿ ಬಿಡಿಸಿ ಕಲಿಸಲಾಯಿತು. 1985ರ ಕಾನೂನು ಎಲ್ಲ ಜನಸಂಘಟನೆಗಳೂ ಪಂಚಸಿಲವೊಂದನ್ನೇ ತಳಹದಿಯಾಗಿ ಒಪ್ಪಬೇಕೆಂದಿತು. ಸರ್ಕಾರವನ್ನು ಪ್ರಶ್ನಿಸಿದವರು ಪಂಚಸಿಲ ವಿರೋಧಿಗಳೆನಿಸಿಕೊಂಡರು. ಮನುಷ್ಯನ ‘ಸಮಗ್ರ’ ವಿಕಾಸದಿಂದ ಅವನ ಮಾತನ್ನೇ ಹೊರಗಿಟ್ಟದ್ದು ಆ ಮೂರು ದಶಕಗಳ ದೊಡ್ಡ ಅನ್ಯಾಯ.

1998ರಲ್ಲಿ ಸುಹಾರ್ತೊ ಇಳಿದ ಮೇಲೆ ಕಡ್ಡಾಯ ತರಬೇತಿ ರದ್ದಾಯಿತು, ತತ್ತ್ವ ಉಳಿಯಿತು. ಶಾಲೆಗಳಲ್ಲಿ ಸೋಮವಾರದ ಧ್ವಜವಂದನೆಯಂದು ಮಕ್ಕಳು ಈಗಲೂ ಐದು ಸೂತ್ರಗಳನ್ನು ಒಕ್ಕೊರಲಿನಿಂದ ಹೇಳುತ್ತಾರೆ. ಬಜೆಟ್ಟಿನ ಕನಿಷ್ಠ ಶೇ. 20 ಭಾಗ ಶಿಕ್ಷಣಕ್ಕೆ ಮೀಸಲೆಂದು 2002ರ ತಿದ್ದುಪಡಿ ಸಂವಿಧಾನದಲ್ಲೇ ಬರೆಯಿತು. 2014ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ಜಾರಿಗೆ ಬಂತು. ಮೊದಲ ಸೂತ್ರದ ಹೆಸರಿನಲ್ಲಿ ಬಹುಕಾಲ ಮಾನ್ಯತೆಯಿಂದ ವಂಚಿತರಾಗಿದ್ದ ಸ್ಥಳೀಯ ನಂಬಿಕೆಗಳವರು ಗುರುತಿನ ಚೀಟಿಯಲ್ಲಿ ತಮ್ಮ ನಂಬಿಕೆಯನ್ನು ಬರೆಸಬಹುದೆಂದು ಸಾಂವಿಧಾನಿಕ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಆದರೂ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಜಕಾರ್ತ, ಯೋಗ್ಯಕಾರ್ತಗಳು ಮುಂದಿದ್ದರೆ ಗಣಿಸಂಪತ್ತಿನ ಪಪುವದ ಬೆಟ್ಟಪ್ರದೇಶದ ಜಿಲ್ಲೆಗಳು ದೇಶದಲ್ಲೇ ತೀರಾ ಕೆಳಗಿವೆ.